ಲೆಟರ್ ಡೇಟ್ ಹಾಕ್ಬಿಟ್ಟೆ, ಇಡೀ ಬ್ಯಾಚ್ ವಾಪಸ್ ಬಂತು

ನಂದು ಸ್ಕ್ಯಾನ್ ಮಾಡಿದ ಹಳೇ ಕಾಗದಪತ್ರಗಳಿಗೆ ಇಂಡೆಕ್ಸ್ ಮಾಡೋ ಕೆಲಸ. ಯಾರು ಬರೆದಿದ್ದು, ಯಾರಿಗೆ, ಯಾವತ್ತು, ಯಾವ ವಿಷಯಕ್ಕೆ, ಇಷ್ಟನ್ನ ಓದಿ ಶೀಟಲ್ಲಿ ತುಂಬೋದು. ಒಂದ್ಸಲ ಅಮೆರಿಕದ ಸರ್ಕಾರಿ ಪತ್ರಗಳು ಬಂದ್ವು, ಥಿಯೋಡೋರ್ ರೂಸ್‌ವೆಲ್ಟ್ ಅಧ್ಯಕ್ಷ ಆಗಿದ್ದ ಕಾಲದ್ದು, ಅಂದ್ರೆ 1901ರಿಂದ 1909. ನನ್ನ ಪಾಲಿಗೆ ಬಿದ್ದಿದ್ದು ಬರೀ ಕೆಲಸ ಕೇಳೋ ಪತ್ರ, ಶಿಫಾರಸು ಪತ್ರ. 1881ರಲ್ಲಿ ಕೆಲಸ ಕೊಡ್ಲಿಲ್ಲ ಅಂತ ಒಬ್ಬಾತ ಆಗಿನ ಅಧ್ಯಕ್ಷ ಗಾರ್ಫೀಲ್ಡ್‌ಗೇ ಗುಂಡು ಹೊಡೆದಿದ್ದ, ಆಮೇಲೆ 1883ರಲ್ಲಿ ಪೆಂಡಲ್ಟನ್ ಕಾಯ್ದೆ ಬಂದು ಪರೀಕ್ಷೆ ಬರೆದು ಕೆಲಸಕ್ಕೆ ಸೇರೋ ಪದ್ಧತಿ ಶುರುವಾಯ್ತು, ಆದ್ರೂ ದೊಡ್ಡ ಪೋಸ್ಟ್ ಆಫೀಸು, ಬಂದರಿನ ಕಸ್ಟಮ್ಸ್ ಇಂಥ ಹುದ್ದೆಗಳಿಗೆ ಅಧ್ಯಕ್ಷ ಹೆಸರು ಕಳಿಸ್ಬೇಕಿತ್ತು, ಸೆನೆಟ್ (ಅಲ್ಲಿನ ಸಂಸತ್ತಿನ ಮೇಲ್ಮನೆ) ಒಪ್ಬೇಕಿತ್ತು, ಹಾಗಾಗಿ ವಶೀಲಿಗೇನೂ ಬರ ಇರ್ಲಿಲ್ಲ.

ಓದೋದೇ ಒಂದು ಸರ್ಕಸ್ಸು. ಕಳಿಸೋ ಪತ್ರದ ಕಾಪಿ ಇಟ್ಕೊಳ್ಳೋಕೆ ಅವ್ರು ಒದ್ದೆ ಮಾಡಿದ ತೆಳ್ಳನೆ ಹಾಳೆ ಮೇಲೆ ಪತ್ರ ಇಟ್ಟು ಪ್ರೆಸ್‌ನಲ್ಲಿ ಒತ್ತೋರು, ಶಾಯಿ ಹಾಳೆಗೆ ಇಳಿಯೋದು, ಅಕ್ಷರ ತಿರುಗಾಮುರುಗಾ ಬೀಳೋದ್ರಿಂದ ಹಾಳೆಯ ಇನ್ನೊಂದು ಬದಿಯಿಂದ ಓದ್ಬೇಕು. ಒಂದು ಕಡೆ ಶಾಯಿ ಹರಡಿ 'ನಾಟ್' ಅನ್ನೋದು ನಂಗೆ 'ನೌ' ಥರ ಕಾಣ್ಸಿ, ಕೆಲಸ ಕೊಡೋಕಾಗಲ್ಲ ಅಂತ ಬರೆದಿದ್ದನ್ನ ಈಗ ಕೊಡಬಹುದು ಅಂತ ಎಂಟ್ರಿ ಮಾಡಿದ್ದೆ! ಅದು ಹೋಗ್ಲಿ, ಚೆಕಿಂಗ್‌ನಲ್ಲೇ ಸಿಕ್ತು.

ದೊಡ್ಡ ಎಡವಟ್ಟು ಬೇರೆ. ಶೀಟಲ್ಲಿ 'ನೇಮಕದ ದಿನಾಂಕ' ಅಂತ ಒಂದೇ ಕಾಲಂ ಇತ್ತು, ನಾನು ನೇಮಕದ ಸುದ್ದಿ ಇರೋ ಪತ್ರ ಸಿಕ್ಕಿದ್ದೇ ತಡ ಆ ಪತ್ರದ ಮೇಲಿರೋ ಡೇಟನ್ನೇ ಹಾಕ್ತಾ ಹೋದೆ, ದಿನಕ್ಕೆ ಟಾರ್ಗೆಟ್ ಬೇರೆ ಇತ್ತಲ್ಲ. ಬ್ಯಾಚ್ ರಿಜೆಕ್ಟ್ ಆಗಿ ಬಂತು. ನಮ್ಮ ಲೀಡ್ ಮೇಡಂ ಪಕ್ಕದಲ್ಲಿ ಕುರ್ಚಿ ಎಳ್ಕೊಂಡು ಕೂತು ಒಂದೇ ಸಾಲಿನ ಮೇಲೆ ಬೆರಳಿಟ್ರು. "ಈ ಕ್ರಮ್ ಅನ್ನೋರಿಗೆ ಕೆಲಸ ಸಿಕ್ಕಿದ್ದು ಯಾವತ್ತು ಹೇಳಿ?" "ಇದೇ ಅಲ್ವಾ ಮೇಡಂ, ಪತ್ರದಲ್ಲೇ ಇದ್ಯಲ್ಲ." "ಸೆನೆಟ್ ಒಪ್ಪಿತ್ತಾ?"

ನಾನು ನೋಡೇ ಇರ್ಲಿಲ್ಲ. ವಿಲಿಯಂ ಕ್ರಮ್ ಕಪ್ಪು ಜನಾಂಗದ ಡಾಕ್ಟ್ರು, ಅವ್ರನ್ನ ಸೌತ್ ಕೆರೊಲಿನಾದ ಚಾರ್ಲ್‌ಸ್ಟನ್ ಬಂದರಿಗೆ ಕಸ್ಟಮ್ಸ್ ಕಲೆಕ್ಟರ್ ಮಾಡ್ತೀನಿ ಅಂತ ರೂಸ್‌ವೆಲ್ಟ್ ಹಟ ಹಿಡಿದ್ರೆ ಅದೇ ರಾಜ್ಯದ ಸೆನೆಟರ್ ಟಿಲ್‌ಮನ್ ಅಡ್ಡಗಾಲು. ಸೆನೆಟ್ ರಜೆ ಇದ್ದಾಗ ಅಧ್ಯಕ್ಷ ತಾತ್ಕಾಲಿಕವಾಗಿ ನೇಮಿಸಬಹುದು, ಆ ದಾರೀಲಿ 1903ರ ಮಾರ್ಚಲ್ಲಿ ಕೂರಿಸಿದ್ರು. 1903ರ ಡಿಸೆಂಬರ್ 7ರ ಮಧ್ಯಾಹ್ನ 12ಕ್ಕೆ ವಿಶೇಷ ಅಧಿವೇಶನ ಮುಗಿದು ಅದೇ ಕ್ಷಣಕ್ಕೆ ಮಾಮೂಲಿ ಅಧಿವೇಶನ ಶುರುವಾಯ್ತು, ಆ ನಡುವಿನ ಇಲ್ಲದ ಗ್ಯಾಪನ್ನೇ ರಜೆ ಅಂತ ಹೇಳಿ ಅವ್ರನ್ನ ಮತ್ತೆ ನೇಮಿಸಿದ್ರು, ಜೊತೆಗೆ ನೂರಕ್ಕೂ ಹೆಚ್ಚು ಮಿಲಿಟರಿ ಅಧಿಕಾರಿಗಳನ್ನೂ (ಇದು ಕಿಲಾಡಿತನ ಅಂತ್ಲೇ ನಂಗನ್ಸೋದು, ಕಾರಣ ಒಳ್ಳೇದಿದ್ರೂನೂ). ಸೆನೆಟ್ ಕೊನೆಗೂ ಒಪ್ಪಿದ್ದು 1905ರ ಜನವರಿಲಿ. ಈಗ ಆ ಒಂದು ಕಾಲಮ್ಮಲ್ಲಿ ಯಾವ ಡೇಟ್ ಹಾಕೋದು?

ಪತ್ರ ಇದೆ ಅಂದ್ರೆ ಕೆಲಸ ಆಗಿದೆ ಅಂತಲ್ಲ, ನಂಗೆ ಗೊತ್ತಾಗ್ಬೇಕಿದ್ದಿದ್ದು ಇಷ್ಟೇ. ಮಿಸಿಸಿಪ್ಪಿಯ ಇಂಡಿಯನೋಲಾ ಊರಿನ ಪೋಸ್ಟ್‌ಮಾಸ್ಟರ್ ಮಿನ್ನಿ ಕಾಕ್ಸ್ ಅನ್ನೋ ಕಪ್ಪು ಜನಾಂಗದ ಹೆಂಗಸಿನ ವಿಷಯದಲ್ಲೂ ಅದೇ ಆಗಿತ್ತು: ಊರಿನ ಬಿಳಿಯರು ಬೆದರಿಸಿದ್ದಕ್ಕೆ ಅವ್ರು ರಾಜೀನಾಮೆ ಕಳಿಸಿದ್ರು, ರೂಸ್‌ವೆಲ್ಟ್ ಒಪ್ಕೊಳ್ಳದೆ 1903ರ ಜನವರಿಲಿ ಪೋಸ್ಟ್ ಆಫೀಸನ್ನೇ ಮುಚ್ಚಿಸಿದ್ರು. ನಾನು ರಾಜೀನಾಮೆ ಕಾಲಮ್ಮಲ್ಲಿ ನೀಟಾಗಿ ಡೇಟ್ ತುಂಬಿದ್ದೆ.

ಕೇಳ್ಕೊಂಡಿದ್ದು, ಹೆಸರು ಕಳಿಸಿದ್ದು, ತಾತ್ಕಾಲಿಕ ನೇಮಕ, ಸೆನೆಟ್ ಒಪ್ಪಿದ್ದು ಅಂತ ನಾಲ್ಕು ಕಾಲಂ ಮಾಡಿ ಎಲ್ಲಾ ಮೊದಲಿಂದ ಮಾಡಿದ್ವಿ, ಎರಡು ಶನಿವಾರ ಹೋಯ್ತು. ಸಂಬಳಕ್ಕೂ ಒಂದು ಕಾಲಂ ಇರ್ಲಿ ಅಂತ ಮೇಡಂ ಕೇಳಿದ್ರು, ಯಾಕಂದ್ರೆ ಪೋಸ್ಟ್ ಆಫೀಸ್ ಬಾಗಿಲು ಹಾಕಿದ್ರೂ ಕಾಕ್ಸ್‌ಗೆ ಸಂಬಳ ಹೋಗ್ತಿತ್ತು, ದಿನಾ ಬಂದರಲ್ಲಿ ದುಡೀತಿದ್ದ ಕ್ರಮ್‌ಗೆ ಸೆನೆಟ್ ಒಪ್ಪೋವರೆಗೂ ಕಾನೂನು ಪ್ರಕಾರ ಸಂಬಳ ಇಲ್ಲ. ಕ್ಲೈಂಟ್ ಬೇಡ ಅಂದ್ರು.