ಕಿವಿಗೆ ಪ್ಲಗ್ ಹಾಕಿಕೊಂಡೇ ಕೇಳುವುದಾದರೆ ಅಷ್ಟು ಜೋರು ಯಾಕೆ?

ನಾಯ್ಸ್ ರಾಕ್ ಬ್ಯಾಂಡ್ ನೋಡಲು ಹೋಗುತ್ತೇನೆ ಅಂದ ತಕ್ಷಣ ಬರುವ ಪ್ರಶ್ನೆ ಇದು. "ಅಲ್ಲಾ, ದುಡ್ಡು ಕೊಟ್ಟು ಹೋಗ್ತೀಯ, ಆಮೇಲೆ ಕಿವಿಗೆ ಪ್ಲಗ್ ಹಾಕ್ಕೋತೀಯ. ಅದರ ಬದಲು ಅವರೇ ಸೌಂಡ್ ಕಮ್ಮಿ ಮಾಡಬಾರದಾ?" ಕೇಳುವವರು ನಗುತ್ತಲೇ ಕೇಳುತ್ತಾರೆ. ಆದರೆ ಪ್ರಶ್ನೆ ಚೆನ್ನಾಗಿಯೇ ಇದೆ. ನಿಂತ ನಿಲುವಿನಲ್ಲಿ ಅರ್ಧಂಬರ್ಧ ಉತ್ತರ ಕೊಟ್ಟು ನನಗೂ ಸಾಕಾಗಿದೆ. ಒಂದೇ ಸಲ ಪೂರ್ತಿ ಬರೆದುಬಿಡುತ್ತೇನೆ.

ಚಿಕ್ಕ ಉತ್ತರ ಹೀಗಿದೆ. ಸೌಂಡ್ ಕಮ್ಮಿ ಮಾಡಿದರೆ ಆ ಸಂಗೀತದ ಎಷ್ಟೋ ಸ್ವರಗಳು ಹುಟ್ಟುವುದೇ ಇಲ್ಲ.

ನಾಯ್ಸ್ ರಾಕ್ ಅಂದರೇನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಗಿಟಾರ್, ಬೇಸ್, ಡ್ರಮ್ಸ್ ಎಲ್ಲಾ ಮಾಮೂಲಿ ರಾಕ್ ಬ್ಯಾಂಡಿನವೇ. ಆದರೆ ಬೇರೆಯವರು ಸೋಸಿ ಬಿಸಾಡುವ ಕೀರಲು, ಕರಕರ, ಆಂಪಿನ (ಆಂಪ್ಲಿಫೈಯರ್) ಗುಂಯ್‌ಗುಡುವಿಕೆ ಇಲ್ಲಿ ಹಾಡಿನ ಒಳಗೇ ಇರುತ್ತದೆ. ದಿ ವೆಲ್ವೆಟ್ ಅಂಡರ್‌ಗ್ರೌಂಡ್ 1968ರಷ್ಟು ಹಿಂದೆಯೇ ಈ ದಾರಿ ತೆರೆದಿತ್ತು. 1980ರ ದಶಕದಲ್ಲಿ ನ್ಯೂಯಾರ್ಕಿನ ಸೋನಿಕ್ ಯೂತ್, ಸ್ವಾನ್ಸ್, ಷಿಕಾಗೋ ಕಡೆಯ ಬಿಗ್ ಬ್ಲ್ಯಾಕ್ ಬಂದವು. ಬಿಗ್ ಬ್ಲ್ಯಾಕ್‌ಗೆ ಡ್ರಮ್ಮರ್ ಬದಲು ಡ್ರಮ್ ಮಷೀನ್ ಇತ್ತು. ರೆಕಾರ್ಡಿನ ಮೇಲೆ ಅದಕ್ಕೂ ಬ್ಯಾಂಡಿನ ಸದಸ್ಯನ ಹಾಗೆ 'ರೋಲಂಡ್' ಅಂತ ಹೆಸರು ಹಾಕುತ್ತಿದ್ದರು!

ಈಗ ವಿಷಯಕ್ಕೆ ಬರೋಣ. ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಪಿಕಪ್ ಇರುತ್ತದೆ. ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿ, ಅಷ್ಟೆ. ಗಿಟಾರಿನ ತಂತಿ ಅಲುಗಿದರೆ ಅಲ್ಲಿ ಸಣ್ಣ ಕರೆಂಟ್ ಹುಟ್ಟುತ್ತದೆ. ಆಂಪ್ ಅದನ್ನು ಹಿಗ್ಗಿಸಿ ಸ್ಪೀಕರಿಗೆ ಕಳಿಸುತ್ತದೆ. ಸ್ಪೀಕರ್ ಸಾಕಷ್ಟು ಜೋರಾಗಿದ್ದರೆ ಅದು ಎಬ್ಬಿಸಿದ ಗಾಳಿಯ ಅಲೆಗಳೇ ಬಂದು ತಂತಿಯನ್ನು ಮತ್ತೆ ಅಲುಗಿಸುತ್ತವೆ. ತಂತಿ ಅಲುಗಿತು, ಪಿಕಪ್ ಹಿಡಿಯಿತು, ಆಂಪ್ ಏರಿಸಿತು, ಸ್ಪೀಕರ್ ಮತ್ತೆ ತಂತಿಯನ್ನು ಅಲುಗಿಸಿತು. ಬೆರಳು ಮೀಟದೆಯೇ ಸ್ವರ ನುಡಿಯುತ್ತಾ ಹೋಗುತ್ತದೆ. ಫೀಡ್‌ಬ್ಯಾಕ್ ಅನ್ನೋದು ಇದಕ್ಕೇ.

ಇದನ್ನು ಹತ್ತಿರದಿಂದ ನೋಡಬೇಕು. ಚಿಕ್ಕ ಹಾಲ್, ಮೂರೇ ಜನರ ಬ್ಯಾಂಡ್. ಗಿಟಾರಿಸ್ಟ್ ನಮಗೆ ಬೆನ್ನು ಹಾಕಿ ಆಂಪಿನ ಕಡೆ ತಿರುಗಿದಳು. ಎಡಗೈ ತಂತಿ ಒತ್ತಿ ಹಿಡಿದಿತ್ತು. ಬಲಗೈ ಸುಮ್ನೆ ಜೋತುಬಿದ್ದಿತ್ತು. ಮೊದಲು ಒಂದು ದಪ್ಪ ಸ್ವರ ಬಂತು. ಅರ್ಧ ಹೆಜ್ಜೆ ಹಿಂದೆ ಸರಿದಳು, ಅದು ಮೇಲಿನ ಸ್ಥಾಯಿಗೆ ಹಾರಿತು. ಸೊಂಟ ಕೊಂಚ ಓರೆ ಮಾಡಿದಳು, ಅದರ ಮೇಲೆ ಇನ್ನೊಂದು ಸಣ್ಣ ಸ್ವರ ಹತ್ತಿ ಕೂತಿತು. ಮೊಣಕಾಲು ಬಗ್ಗಿಸಿ ಗಿಟಾರನ್ನು ಸ್ಪೀಕರಿನ ಎದುರಿಗೇ ಹಿಡಿದಾಗ ಎರಡೂ ಸೇರಿ ಗುಡುಗತೊಡಗಿದವು. ದೂರ ಬದಲಾದರೆ, ಗಿಟಾರಿನ ಕೋನ ಬದಲಾದರೆ, ಯಾವ ಸ್ವರ ಹತ್ತಿಕೊಳ್ಳುತ್ತದೆ ಅನ್ನುವುದೂ ಬದಲಾಗುತ್ತದೆ. ಆಂಪಿನ ಮುಂದಿನ ಆ ನಾಲ್ಕು ಅಡಿ ಜಾಗ ಅವಳಿಗೆ ಬೆರಳಿನಷ್ಟೇ ಪರಿಚಯ ಇತ್ತು.

ವಾಲ್ಯೂಮ್ ಇಳಿಸಿದರೆ ಸ್ಪೀಕರಿನ ಗಾಳಿಗೆ ತಂತಿ ಅಲುಗಿಸುವ ಕಸುವು ಸಾಲುವುದಿಲ್ಲ. ಸುತ್ತು ಅಲ್ಲಿಗೇ ಕಡಿಯುತ್ತದೆ. (ಕಾಲಲ್ಲಿ ಒತ್ತಿ ಗಿಟಾರಿನ ಸದ್ದು ಬದಲಿಸುವ ಒಳ್ಳೆ ಪೆಡಲ್ ಇದ್ದರೆ ಕಮ್ಮಿ ಸೌಂಡಿನಲ್ಲೂ ಫೀಡ್‌ಬ್ಯಾಕ್ ತರಬಹುದು, ಗಿಟಾರ್ ನುಡಿಸುವವರು ಜಗಳಕ್ಕೆ ಬರಬೇಡಿ. ಆದರೆ ಆಗ ಸ್ಪೀಕರಿಗೆ ಅಂಟಿಕೊಂಡು ಕೂರಬೇಕು. ನಡೆದಾಡಿ ಸ್ವರ ಆರಿಸಿಕೊಳ್ಳುವ ಜಾಗ ಉಳಿಯುವುದಿಲ್ಲ.)

ಇನ್ನೊಂದು ಇದೆ, ನನಗೆ ಇದೇ ಜಾಸ್ತಿ ಇಷ್ಟ. ಸೋನಿಕ್ ಯೂತ್‌ನ ಥರ್ಸ್ಟನ್ ಮೂರ್, ಲೀ ರಾನಾಲ್ಡೋ ಗಿಟಾರನ್ನು ಎಲ್ಲರ ಶ್ರುತಿಯಲ್ಲಿ ಇಡುತ್ತಿರಲಿಲ್ಲ. ತಂತಿಗಳ ಅಡಿಗೆ ಸ್ಕ್ರೂಡ್ರೈವರ್, ಡ್ರಮ್ ಕೋಲು ತುರುಕುತ್ತಿದ್ದರು. ಎಷ್ಟೋ ಹಾಡಿಗೆ ಅದರದ್ದೇ ಗಿಟಾರ್ ಬೇಕಿತ್ತು. 1999ರಲ್ಲಿ ಅವರ ವಾದ್ಯಗಳಿದ್ದ ಟ್ರಕ್ ಕಳುವಾದಾಗ ಬೇರೆ ಗಿಟಾರ್ ಕೊಂಡರೆ ಮುಗಿಯಿತು ಅನ್ನುವ ಹಾಗಿರಲಿಲ್ಲ. ಇಂಥ ಶ್ರುತಿಗಳಲ್ಲಿ ಎರಡು ತಂತಿಗಳು ಹೆಚ್ಚುಕಮ್ಮಿ ಒಂದೇ ಸ್ವರದಲ್ಲಿ ಇದ್ದರೂ ಪೂರ್ತಿ ಒಂದಾಗಿರುವುದಿಲ್ಲ. ಒಂದು ಸೆಕೆಂಡಿಗೆ 440 ಸಲ, ಇನ್ನೊಂದು 443 ಸಲ ಕಂಪಿಸಿದರೆ ಸದ್ದು ಸೆಕೆಂಡಿಗೆ 3 ಸಲ ಏರಿ ಇಳಿಯುತ್ತದೆ. ಜೋರಾದಾಗ ಇನ್ನೂ ಮಜಾ. ಆಂಪ್ ತನ್ನ ಮಿತಿ ದಾಟಿ ಹೊಸ ಮೇಲ್ಸ್ವರಗಳನ್ನು ಸೇರಿಸುತ್ತದೆ. ಇಲ್ಲದಿದ್ದರೆ ಕಿವಿಗೇ ಬೀಳದಷ್ಟು ಸಣ್ಣ ಎಳೆಗಳೂ ಕೇಳಿಸತೊಡಗುತ್ತವೆ. ತಂಬೂರಿಯ ಕುದುರೆ ಮೇಲೆ ಜೀವಾಳದ ದಾರ ಸರಿಯಾಗಿ ಕೂತಾಗ ಒಂದೇ ತಂತಿಯಿಂದ ಹತ್ತಾರು ಎಳೆ ಬಿಚ್ಚಿಕೊಳ್ಳುತ್ತವಲ್ಲ, ಅದನ್ನೇ ಗೋಡೆಯಷ್ಟು ಎತ್ತರ ಮಾಡಿದ ಹಾಗೆ. ಯಾರೂ ಹಾಡದೆ ಇದ್ದರೂ ಒಳಗೆ ಯಾರೋ ಹಾಡುತ್ತಿದ್ದಾರೆ ಅನಿಸುತ್ತದೆ.

ಮೈ ಬ್ಲಡಿ ವ್ಯಾಲೆಂಟೈನ್ ಈ ಆಟವನ್ನು ಕೊನೆ ಮುಟ್ಟಿಸಿದ ಬ್ಯಾಂಡ್. ಇವರದ್ದು ಶೂಗೇಜ್ ಅನ್ನುವ ಬೇರೆ ರಾಕ್ ಪ್ರಕಾರ, ನಾಯ್ಸ್ ರಾಕ್ ಅಲ್ಲ ಅನ್ನುವವರಿದ್ದಾರೆ. ಇರಲಿ. ಕಾರ್ಯಕ್ರಮದ ಕೊನೆಯ ಹಾಡಿನ ನಡುವೆ ಒಂದೇ ಸದ್ದನ್ನು ನಿಮಿಷಗಟ್ಟಲೆ ಹಿಡಿದು ಎಳೆಯುತ್ತಾರೆ. ಮೊದಲ ನಿಮಿಷ ರೋಮಾಂಚನ, ಆಮೇಲೆ ಸಿಟ್ಟು, ಆಮೇಲೆ ಬೇಜಾರು. ಅದೂ ದಾಟಿದ ಮೇಲೆ ಸದ್ದಿನ ಒಳಗೆ ಸಣ್ಣ ಸಣ್ಣ ಚಲನೆ ಕೇಳಿಸತೊಡಗುತ್ತದೆ. 2008ರಲ್ಲಿ ಮತ್ತೆ ವೇದಿಕೆ ಹತ್ತಿದಾಗ ಬಂದವರಿಗೆಲ್ಲ ಅವರೇ ಇಯರ್‌ಪ್ಲಗ್ ಹಂಚಿದರು. ಅಂದರೆ ಪ್ಲಗ್ ಹಾಕಿಕೊಂಡು ಕೇಳುವುದು ಬ್ಯಾಂಡಿಗೂ ಒಪ್ಪಿಗೆಯೇ.

ಈಗ ನಿಮ್ಮ ಪ್ರಶ್ನೆಯ ಉಳಿದರ್ಧ. ಪ್ಲಗ್ ಮುಚ್ಚುವುದು ಕಿವಿಯ ನಳಿಕೆಯನ್ನು ಮಾತ್ರ. ವೇದಿಕೆ ಮೇಲಿನ ಗಿಟಾರ್-ಸ್ಪೀಕರ್ ಸುತ್ತಿಗೆ ಅದರಿಂದ ಏನೂ ಆಗುವುದಿಲ್ಲ. ಬೇಸ್ ಎದೆಗೂಡಿಗೆ ಬಂದು ತಾಗುವುದೂ ನಿಲ್ಲುವುದಿಲ್ಲ. ಡ್ರಮ್ಮರ್ ಕಾಲಿನ ಡ್ರಮ್ ಒದ್ದಾಗ ಅಂಗಿ ಅಲುಗುತ್ತದೆ, ನಿಜವಾಗಿ. ಇದಲ್ಲದೆ ಒಳಗಿವಿಯಲ್ಲಿ ಸ್ಯಾಕ್ಯೂಲ್ ಅನ್ನುವ ಪುಟ್ಟ ಚೀಲ ಇದೆ. ಅದರ ಕೆಲಸ ಮೈಯ ಸಮತೋಲ ನೋಡಿಕೊಳ್ಳುವುದು. ನೀಲ್ ಟಾಡ್ ಮತ್ತು ಜೊತೆಗಾರ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸುಮಾರು 90 ಡೆಸಿಬಲ್ ದಾಟಿದ ಬೇಸ್ ಸದ್ದಿಗೆ ಈ ಚೀಲವೂ ಎಚ್ಚರಾಗುತ್ತದೆ. ಜೋರು ಸಂಗೀತ ಕೇಳುವಾಗ ತೂಗಾಡಿದ ಹಾಗೆ ಆಗಿ ಖುಷಿಯಾಗುವುದಕ್ಕೆ ಇದೂ ಕಾರಣ ಇರಬಹುದು ಅಂತ ಅವರ ಊಹೆ. ನಿಂತಲ್ಲೇ ತೇಲಿದ ಅನುಭವ ಆದವರಿಗೆ ಈ ಊಹೆ ಸರಿ ಅನಿಸದೆ ಇರದು.

ಹಾಗಂತ ಪ್ಲಗ್ ಇಲ್ಲದೆ ಹೋಗುವುದು ಗಂಡಸುತನ ಅಂತ ತಿಳಿದವರ ಬಗ್ಗೆ ನನಗೆ ಚೂರೂ ತಾಳ್ಮೆ ಇಲ್ಲ. ಲೆಕ್ಕ ಸುಲಭ. ಅಮೆರಿಕದ ಉದ್ಯೋಗ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯಾಶ್ ಹೇಳುವಂತೆ 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆಯಬಹುದು. ಮೇಲಿನ ಪ್ರತಿ 3 ಡೆಸಿಬಲ್‌ಗೆ ಆ ಹೊತ್ತು ಅರ್ಧ ಆಗುತ್ತದೆ. 100 ಡೆಸಿಬಲ್‌ಗೆ ಸಿಗುವುದು 15 ನಿಮಿಷ. ಮೂರ್ನಾಲ್ಕು ಹಾಡು ಮುಗಿಯುವಷ್ಟರಲ್ಲಿ ದಿನದ ಪಾಲು ಖಾಲಿ! ಒಳಗಿವಿಯಲ್ಲಿ ಸದ್ದು ಹಿಡಿಯುವ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ದಿ ಹೂ ಬ್ಯಾಂಡಿನ ಪೀಟ್ ಟೌನ್ಸೆಂಡ್, ಮೈ ಬ್ಲಡಿ ವ್ಯಾಲೆಂಟೈನ್‌ನ ಕೆವಿನ್ ಶೀಲ್ಡ್ಸ್ ಇಬ್ಬರಿಗೂ ಕಿವಿಯಲ್ಲಿ ಗುಂಯ್ ಅನ್ನುವ ಟಿನಿಟಸ್ ಅಂಟಿಕೊಂಡಿದೆ.

ಫೋಮ್ ಪ್ಲಗ್ ಹಾಕುವುದಕ್ಕೂ ಕ್ರಮ ಇದೆ. ಬಹಳ ಜನ ಬೆರಳಿನಿಂದ ಒತ್ತಿ ಬಿಟ್ಟುಬಿಡುತ್ತಾರೆ, ಅದು ಅರ್ಧ ಹೊರಗೇ ಇರುತ್ತದೆ. ಮೊದಲು ಬತ್ತಿಯಷ್ಟು ಸಣ್ಣಗೆ ಹೊಸೆಯಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಬೇಕು. ಆಗ ನಳಿಕೆ ನೆಟ್ಟಗಾಗುತ್ತದೆ. ಒಳಗೆ ತೂರಿಸಿ, ಅದು ಉಬ್ಬಿ ಕೂರುವವರೆಗೆ ಬೆರಳು ತೆಗೆಯಬಾರದು. ಫೋಮ್ ಹಾಕಿದರೆ ಸಿಂಬಲ್ಸ್ (ಡ್ರಮ್ಸಿನ ಲೋಹದ ತಟ್ಟೆಗಳು) ಮಂಕಾಗುತ್ತದೆ, ಅದು ನಿಜ. ಸಂಗೀತಗಾರರಿಗೆ ಅಂತಲೇ ಮಾಡಿದ ಫಿಲ್ಟರ್ ಪ್ಲಗ್ ಎಲ್ಲಾ ಸ್ವರಗಳನ್ನೂ ಹೆಚ್ಚುಕಮ್ಮಿ ಸಮನಾಗಿ ಇಳಿಸುತ್ತದೆ. ಆಗಾಗ ಹೋಗುವವರು ಅದನ್ನೇ ಇಟ್ಟುಕೊಳ್ಳಿ.

"ಅದು ಸಂಗೀತಾನಾ?" ಅಂತಲೂ ಕೇಳುತ್ತಾರೆ. ಹೌದು. ಮುಂದಕ್ಕೆ ಹೋಗೋಣ.

ಮೊದಲ ಸಲ ಹೋಗುವವರು ಎಲ್ಲಿ ನಿಲ್ಲಬೇಕು? ಸೌಂಡ್ ಇಂಜಿನಿಯರ್ ಮೇಜಿನ ಹತ್ತಿರ. ಅವರು ಅಲ್ಲಿ ಕೇಳಿಸುವುದನ್ನು ನೋಡಿಯೇ ಎಲ್ಲವನ್ನೂ ಹದ ಮಾಡುವುದು, ಹಾಗಾಗಿ ಹಾಲಿನಲ್ಲಿ ಒಳ್ಳೆ ಸೌಂಡ್ ಸಿಗುವ ಜಾಗ ಅದೇ. ಸ್ಪೀಕರ್ ಪಕ್ಕ ಮಾತ್ರ ಬೇಡ. ಲೈಟ್ನಿಂಗ್ ಬೋಲ್ಟ್ ಥರದ ಬ್ಯಾಂಡ್ ಸಿಕ್ಕರೆ ಈ ಸಲಹೆ ಕೆಲಸಕ್ಕೆ ಬರುವುದಿಲ್ಲ. ಇಬ್ಬರೇ, ಒಂದು ಬೇಸ್, ಒಂದು ಡ್ರಮ್ಸ್. ವೇದಿಕೆ ಬಿಟ್ಟು ನೆಲದ ಮೇಲೆ, ಜನರ ನಡುವೆಯೇ ನುಡಿಸಿ ಹೆಸರಾದವರು. ಡ್ರಮ್ಮರ್ ಬ್ರಯಾನ್ ಚಿಪ್ಪೆಂಡೇಲ್ ಮುಖಕ್ಕೆ ಮಾಸ್ಕ್ ಹಾಕಿ, ಅದರೊಳಗೆ ಮೈಕ್ ಸಿಕ್ಕಿಸಿಕೊಂಡು ಹಾಡುತ್ತಾನೆ. ಅಲ್ಲಿ ನೀವು ನಿಲ್ಲುವ ಜಾಗವನ್ನು ಜನ ತೀರ್ಮಾನ ಮಾಡುತ್ತಾರೆ.

ರೆಕಾರ್ಡ್ ಕೇಳಿ "ಇಷ್ಟೇನಾ?" ಅನಿಸಿದ ಬ್ಯಾಂಡ್ ಆದರೂ ಪರವಾಗಿಲ್ಲ, ನೋಡಲು ಹೋಗಿ. ಆಗಲ್ಲ ಅನಿಸಿದರೆ ಹೊರಗೆ ಬಂದು ನಿಲ್ಲಿ. ಯಾರೂ ಏನೂ ಅಂದುಕೊಳ್ಳುವುದಿಲ್ಲ. ಬಾಗಿಲ ಹತ್ತಿರ ಬ್ಯಾಂಡಿನವರ ಗೆಳೆಯರೇ ನಾಲ್ಕು ಜನ ನಿಂತಿರುತ್ತಾರೆ.