ಒಂದೇ ಕಕ್ಷೆಯಲ್ಲಿ ಎರಡು ಚಂದ್ರಗಳನ್ನು ಇಡಬಹುದೇ?

ವಿಜ್ಞಾನಕಥೆ ಬರೆಯುವವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ನನ್ನ ಕಲ್ಪನೆಯ ಗ್ರಹಕ್ಕೆ ಎರಡು ಚಂದ್ರಗಳಿವೆ, ಎರಡೂ ಒಂದೇ ಕಕ್ಷೆಯಲ್ಲಿ ಸುತ್ತುತ್ತವೆ. ಅವು ಡಿಕ್ಕಿ ಹೊಡೆಯುವುದಿಲ್ಲವೇ?" ಡಿಕ್ಕಿ ಹೊಡೆಯಲೇಬೇಕೆಂದಿಲ್ಲ, ನಂಬದವರಿಗೆ ಶನಿಗ್ರಹವನ್ನು ತೋರಿಸಬಹುದು. ಆದರೆ ಅಂಥ ಚಂದ್ರಗಳನ್ನು ಇಟ್ಟುಕೊಂಡ ಮೇಲೆ ಆ ಲೋಕದ ಪಂಚಾಂಗವೂ ಬದಲಾಗಬೇಕು. ನಾನು ಓದಿದ ಬಹುತೇಕ ಕರಡುಗಳು ಎಡವಿರುವುದು ಅಲ್ಲಿ.

1966ರ ಡಿಸೆಂಬರ್ 15ರಂದು ಫ್ರಾನ್ಸಿನ ಓದ್ವಾಂ ದೋಲ್ಫ್ಯೂಸ್ ಶನಿಯ ಉಂಗುರಗಳ ಬಳಿ ಒಂದು ಪುಟ್ಟ ಚಂದ್ರವನ್ನು ಗುರುತಿಸಿದರು. ಮೂರೇ ದಿನಗಳ ನಂತರ ಅಮೆರಿಕದ ರಿಚರ್ಡ್ ವಾಕರ್ ಕೂಡ ಒಂದನ್ನು ಕಂಡರು. ಇಬ್ಬರೂ ಕಂಡದ್ದು ಒಂದೇ ಎಂದು ಭಾವಿಸಿದವರಿಗೆ ಕಕ್ಷೆಯ ಲೆಕ್ಕ ಕೂಡಿಬರಲೇ ಇಲ್ಲ. ಅಲ್ಲಿರುವುದು ಎರಡು ಎಂದು 1978ರಲ್ಲಿ ಸ್ಟೀಫನ್ ಲಾರ್ಸನ್ ಮತ್ತು ಜಾನ್ ಫೌಂಟನ್ ತೋರಿಸಿದರು. 1980ರಲ್ಲಿ ವಾಯೇಜರ್ 1 ನೌಕೆ ಅದನ್ನು ಖಚಿತಪಡಿಸಿತು. ಇಂದು ಅವುಗಳಿಗೆ ಜೇನಸ್ ಮತ್ತು ಎಪಿಮಿಥಿಯಸ್ ಎಂದು ಹೆಸರು.

ಜೇನಸ್‌ನ ಸರಾಸರಿ ಅಡ್ಡಳತೆ ಸುಮಾರು 180 ಕಿಲೋಮೀಟರು, ಎಪಿಮಿಥಿಯಸ್‌ನದು ಸುಮಾರು 116. ಶನಿಯ ಕೇಂದ್ರದಿಂದ ಒಂದೂವರೆ ಲಕ್ಷ ಕಿಲೋಮೀಟರು ದೂರದಲ್ಲಿರುವ ಅವುಗಳ ಕಕ್ಷೆಗಳ ನಡುವಿನ ಅಂತರ ಕೇವಲ 50 ಕಿಲೋಮೀಟರು, ಅಂದರೆ ಒಂದನ್ನೊಂದು ಸವರಿಕೊಂಡು ಹಾದುಹೋಗುವಷ್ಟು ಜಾಗವೂ ಇಲ್ಲ. ಒಳಗಿನದು ಒಂದು ಸುತ್ತನ್ನು ಹೊರಗಿನದಕ್ಕಿಂತ ಅರ್ಧ ನಿಮಿಷ ಬೇಗ ಮುಗಿಸುವುದರಿಂದ ದಿನಕ್ಕೆ ಕಾಲು ಡಿಗ್ರಿಯಷ್ಟು ಮುಂದಾಗುತ್ತ, ಸುಮಾರು ನಾಲ್ಕು ವರ್ಷಗಳಲ್ಲಿ ಹೊರಗಿನದರ ಬೆನ್ನಿಗೆ ಬರುತ್ತದೆ. ಆಗ ಮುಂದಿರುವ ಹೊರಗಿನ ಚಂದ್ರವು ಹಿಂದಿನದನ್ನು ತನ್ನತ್ತ ಎಳೆಯುತ್ತದೆ. ಆ ಎಳೆತದಿಂದ ಶಕ್ತಿ ಪಡೆದ ಒಳಚಂದ್ರವು ಮೇಲಿನ ಕಕ್ಷೆಗೆ ಏರುತ್ತದೆ, ಮೇಲಿನ ಕಕ್ಷೆಯಲ್ಲಿ ವೇಗ ಕಡಿಮೆಯಾದ್ದರಿಂದ ನಿಧಾನವಾಗುತ್ತದೆ. ಮುಂದಕ್ಕೆ ಎಳೆದದ್ದಕ್ಕೇ ಅದು ಹಿಂದೆ ಬೀಳುತ್ತದೆ! ಹೊರಗಿನದು ಅದೇ ಹೊತ್ತಿಗೆ ಶಕ್ತಿ ಕಳೆದುಕೊಂಡು ಒಳಕ್ಕಿಳಿದು ವೇಗವಾಗಿ ಮುಂದೆ ಸಾಗುತ್ತದೆ. ಹೀಗೆ ಅವು ಹತ್ತು ಸಾವಿರ ಕಿಲೋಮೀಟರಿಗಿಂತ ಹತ್ತಿರ ಬಾರದೆಯೇ ಜಾಗ ಅದಲುಬದಲು ಮಾಡಿಕೊಳ್ಳುತ್ತವೆ. ಒಂದರ ಮೇಲೆ ನಿಂತು ನೋಡಿದರೆ ಇನ್ನೊಂದರ ದಾರಿ ಕುದುರೆಲಾಳದ ಆಕಾರದಲ್ಲಿ ಕಾಣುತ್ತದೆ.

ಇದನ್ನು ನಿಮ್ಮ ಗ್ರಹದ ನೆಲದಿಂದ ನೋಡಿ. ಒಂದು ಸಮಾಗಮದಲ್ಲಿ ಕಿರಿಯ ಚಂದ್ರವು ಹಿರಿಯದರ ಒಂದು ಬದಿಯಿಂದ ಹತ್ತಿರ ಬಂದು, ಮುಟ್ಟದೆ ಅದೇ ಬದಿಗೆ ಹಿಂದಿರುಗುತ್ತದೆ. ಮುಂದಿನ ಸಮಾಗಮದಲ್ಲಿ ಇನ್ನೊಂದು ಬದಿಯಿಂದ. ನಡುವಿನ ಕಾಲದಲ್ಲಿ ಎರಡೂ ಆಕಾಶದ ಎದುರುಬದುರು ತುದಿಗಳಲ್ಲಿರುವುದರಿಂದ ಒಂದಕ್ಕೆ ಹುಣ್ಣಿಮೆಯಾದ ರಾತ್ರಿ ಇನ್ನೊಂದಕ್ಕೆ ಅಮಾವಾಸ್ಯೆ. ಒಂದು ಚಂದ್ರವು ಇನ್ನೊಂದನ್ನು ಮರೆಮಾಡುವ ದೃಶ್ಯ ಮಾತ್ರ ಎಂದಿಗೂ ಸಿಗದು; ಹೊಸ ಲೇಖಕರಿಗೆ ಅದೇ ದೃಶ್ಯದ ಮೇಲೆ ಮೋಹ. ಅದು ಬೇಕೇಬೇಕೆಂದರೆ ಎರಡಕ್ಕೂ ಬೇರೆ ಬೇರೆ ಕಕ್ಷೆ ಕೊಡುವುದೊಂದೇ ದಾರಿ.

ಇನ್ನೊಂದು ತೊಡಕು ತೂಕದ್ದು. ನಮ್ಮ ಚಂದ್ರನ ದ್ರವ್ಯರಾಶಿ ಭೂಮಿಯದರ 81ರಲ್ಲಿ ಒಂದು ಪಾಲು. ಅಷ್ಟು ಭಾರದ ಎರಡನ್ನು ತಂದಿಟ್ಟರೆ ಕುದುರೆಲಾಳದ ಆಟ ನಡೆಯುವುದಿಲ್ಲ. ಇದು ಗ್ರಹದೆದುರು ತೀರಾ ಹಗುರವಾದ ಚಂದ್ರಗಳಿಗೆ ಮಾತ್ರ ಸಾಧ್ಯ. ಜೇನಸ್‌ನಷ್ಟು ಚಿಕ್ಕವಾದರೆ ಅವು ದುಂಡಗಿರುವುದಿಲ್ಲ, ಆಲೂಗಡ್ಡೆಯಂತಿರುತ್ತವೆ. ಶನಿಯ ಮೋಡಗಳ ಮೇಲೆ ನಿಂತು ನೋಡಿದರೂ ಜೇನಸ್ ನಮ್ಮ ಚಂದ್ರನ ಕಾಲು ಭಾಗದಷ್ಟು ಅಗಲವೂ ಕಾಣದು. ಭಾರವಾದ ಚಂದ್ರವೇ ಬೇಕೆನ್ನುವವರು ಅದೊಂದನ್ನೇ ಇಟ್ಟು, ಅದರಿಂದ 60 ಡಿಗ್ರಿ ಮುಂದೆ ಮತ್ತು ಹಿಂದೆ ಎರಡು ಚೂರುಗಳನ್ನು ಇರಿಸಬಹುದು. ಶನಿಯ ಚಂದ್ರವಾದ ಟೆಥಿಸ್‌ಗೆ ಟೆಲೆಸ್ಟೊ ಮತ್ತು ಕ್ಯಾಲಿಪ್ಸೊ ಹಾಗೆಯೇ ಜೊತೆಗೂಡಿವೆ.

"ಭೂಮಿಗೇ ಎರಡನೆಯ ಚಂದ್ರ ಸಿಕ್ಕಿತಲ್ಲ" ಎಂದು ವಾದಿಸುವವರೂ ಇದ್ದಾರೆ. 2024ರ ಸೆಪ್ಟೆಂಬರ್ 29ರಿಂದ ನವೆಂಬರ್ 25ರವರೆಗೆ ಸುದ್ದಿಯಲ್ಲಿದ್ದ 2024 ಪಿಟಿ5 ಸುಮಾರು ಹತ್ತು ಮೀಟರಿನ ಬಂಡೆ. ಬರಿಗಣ್ಣಿಗೆ ಕಾಣುವಂಥದ್ದಲ್ಲ, ಭೂಮಿಯನ್ನು ಒಂದು ಸುತ್ತೂ ಪೂರ್ತಿ ಹಾಕಲಿಲ್ಲ. ಅದು ಅರ್ಜುನ ಎಂಬ ಕ್ಷುದ್ರಗ್ರಹಗಳ ಗುಂಪಿಗೆ ಸೇರಿದ್ದೆಂಬುದನ್ನೇ ಹಿಡಿದು ಮಹಾಭಾರತದವರೆಗೂ ಹೋದ ಸಂದೇಶಗಳು ನನ್ನ ಫೋನಿಗೂ ಬಂದಿದ್ದವು. 2016ರಲ್ಲಿ ಪತ್ತೆಯಾದ ಕಾಮೋಓಅಲೇವಾ ಎಂಬ ಕ್ಷುದ್ರಗ್ರಹ ಇದಕ್ಕಿಂತ ಸ್ವಾರಸ್ಯದ್ದು: ಸೂರ್ಯನನ್ನು ಸುತ್ತುತ್ತಲೇ ಭೂಮಿಯ ಜೊತೆಜೊತೆಗೆ ಸಾಗುವುದರಿಂದ ಇಲ್ಲಿಂದ ನೋಡುವವರಿಗೆ ಅದು ನಮ್ಮನ್ನು ಸುತ್ತುವಂತೆ ತೋರುತ್ತದೆ. ಕಥೆಯಲ್ಲಿ ರಹಸ್ಯನೆಲೆಯನ್ನು ಅಡಗಿಸಿಡಲು ಚಂದ್ರಕ್ಕಿಂತ ಇಂಥ ಬಂಡೆ ವಾಸಿ.

ಕೊನೆಯ ಅಧ್ಯಾಯದಲ್ಲಿ ಡಿಕ್ಕಿಯೇ ಆಗಬೇಕೆಂದು ಹಟ ಹಿಡಿಯುವವರಿಗೂ ಉತ್ತರವುಂಟು. ಮೂರನೆಯ ಚಂದ್ರವೊಂದರ ಸೆಳೆತದಿಂದ ಎರಡೂ ಕಕ್ಷೆಗಳ ನಡುವಿನ ಅಂತರ ಹಿಗ್ಗುತ್ತ ಹೋಗಲಿ. ಅಂತರ ಹಿಗ್ಗಿದಷ್ಟೂ ಒಳಗಿನದು ಬೇಗ ಬೆನ್ನಿಗೆ ಬರುತ್ತದೆ, ತಿರುಗುವ ಮುನ್ನ ಇನ್ನಷ್ಟು ಹತ್ತಿರ ಬರುತ್ತದೆ. ನಾಲ್ಕು ವರ್ಷಕ್ಕೊಮ್ಮೆ ಬರುತ್ತಿದ್ದ ಸಮಾಗಮದ ಹಬ್ಬ ಮೂರೂವರೆ ವರ್ಷಕ್ಕೇ ಬಂದಾಗ ರೈತರು, ನಾವಿಕರು ಯಾರಿಗೂ ಏನೂ ಅನ್ನಿಸದು. ಅಜ್ಜನ ಕಾಲದ ಪುಟಗಳನ್ನು ಪಕ್ಕದಲ್ಲಿಟ್ಟುಕೊಂಡು ಮುಂದಿನ ವರ್ಷದ ಪಂಚಾಂಗ ಬರೆಯಲು ಕೂತವಳಿಗೆ ಮಾತ್ರ ಆ ರಾತ್ರಿ ನಿದ್ದೆ ಬಾರದು.