ನಿದ್ದೆ ಹೋದ ಹುಡುಗನಿಗೆ 'ನೀಚ' ಅಂದ ಬ್ರೂಟಸ್

ನಾನು ಸಬ್‌ಟೈಟಲ್ ಬರೆಯುವವಳು. ಇಂಗ್ಲಿಷ್‌ನಿಂದ ಕನ್ನಡಕ್ಕೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ ಶೇಕ್ಸ್‌ಪಿಯರ್‌ನ 'ಜೂಲಿಯಸ್ ಸೀಸರ್' ನಾಟಕದ ರೆಕಾರ್ಡಿಂಗ್ ಒಂದು ಕೈಗೆ ಬಂತು. ಮೊದಲ ದೃಶ್ಯದಲ್ಲೇ ಬೀದಿಯಲ್ಲಿ ಸಿಕ್ಕ ಚಪ್ಪಲಿ ಹೊಲಿಯುವವನನ್ನು ಅಧಿಕಾರಿ 'ನೇವ್' (knave) ಎಂದು ಗದರಿಸುತ್ತಾನೆ. ನಿಘಂಟು ತೆಗೆದೆ. ಧೂರ್ತ, ನೀಚ. 'ನೀಚ' ಎರಡೇ ಅಕ್ಷರ, ಪರದೆ ಮೇಲೆ ಜಾಗ ಉಳಿಯುತ್ತದೆ. ಸಾಫ್ಟ್‌ವೇರ್‌ನ ಪದಪಟ್ಟಿಗೆ ಸೇರಿಸಿ ಲಾಕ್ ಮಾಡಿಬಿಟ್ಟೆ. ಆ ಪದ ಬಂದಲ್ಲೆಲ್ಲ ತಾನಾಗಿ ತುಂಬಿಕೊಳ್ಳಲಿ ಅಂತ.

ನಾಲ್ಕನೇ ಅಂಕ. ಸೈನ್ಯದ ಬಿಡಾರದಲ್ಲಿ ರಾತ್ರಿ. ಬ್ರೂಟಸ್‌ನ ಆಳು ಹುಡುಗ ಲೂಸಿಯಸ್ ವಾದ್ಯ ನುಡಿಸುತ್ತಲೇ ತೂಕಡಿಸಿ ನಿದ್ದೆ ಹೋಗುತ್ತಾನೆ. ಬ್ರೂಟಸ್ ಎಬ್ಬಿಸುವುದಿಲ್ಲ. ಮುರಿದೀತು ಅಂತ ವಾದ್ಯವನ್ನು ಅವನ ಕೈಯಿಂದ ಮೆಲ್ಲಗೆ ತೆಗೆದಿಡುತ್ತಾನೆ. ಪರದೆ ಮೇಲೆ ನನ್ನ ಸಾಲು: 'ಸಭ್ಯ ನೀಚನೇ, ಶುಭರಾತ್ರಿ.'

ತಿದ್ದುವವರು ಕುಂದಾಪುರದವರು. ಫೋನ್ ಮಾಡಿದರು. "ಎಂಥ ಮಾರಾಯ್ತಿ, ಮಲಗಿದ ಮಗುವಿಗೆ ಬೈಯ್ತಾನಾ ಅವನು?"

ಆಮೇಲೆ ಕೂತು ಹುಡುಕಿದೆ. ಹಳೆಯ ಇಂಗ್ಲಿಷ್‌ನಲ್ಲಿ ಇದು 'ಕ್ನಾಫಾ'. ಈಗ ಸುಮ್ನೆ ಮುಂದೆ ನಿಂತಿರುವ 'ಕೆ'ಯನ್ನು ಆಗ ಉಚ್ಚರಿಸುತ್ತಿದ್ದರು. ಅರ್ಥ ಬರೀ ಹುಡುಗ. ಜರ್ಮನ್‌ನ 'ಕ್ನಾಬೆ' ಇವತ್ತಿಗೂ ಹುಡುಗನೇ. 14ನೇ ಶತಮಾನದ ವೈಕ್ಲಿಫ್ ಬೈಬಲ್‌ನಲ್ಲಿ ಗಂಡು ಮಗುವಿಗೆ 'ನೇವ್ ಚೈಲ್ಡ್' ಅಂತಲೇ ಇದೆ. ಹುಡುಗ ಹೋಗಿ ಆಳಾದ. ಆಳು ಅಂದರೆ ಕೀಳು, ಕೀಳು ಅಂದರೆ ಕಳ್ಳ ಅಂತ ಧಣಿಗಳು ತಾವೇ ತೀರ್ಮಾನಿಸಿದ ಹಾಗಿದೆ. ಶೇಕ್ಸ್‌ಪಿಯರ್‌ನ ಕಾಲಕ್ಕೆ ಬೈಗುಳವೂ ಇತ್ತು, ಅಕ್ಕರೆಯೂ ಉಳಿದಿತ್ತು. ಒಂದೇ ನಾಟಕದಲ್ಲಿ ಎರಡೂ.

ನಮ್ಮ 'ಮಾಣಿ' ಅರ್ಧ ದಾರಿವರೆಗೆ ಹೀಗೇ ಬಂದಿದ್ದಾನೆ. ಕರಾವಳಿಯ ಮನೆಗಳಲ್ಲಿ ಮಾಣಿ ಅಂದರೆ ಹುಡುಗ. ಹೋಟೆಲಿನಲ್ಲಿ ತಿಂಡಿ ತಂದಿಡುವವನು. ಪುಣ್ಯಕ್ಕೆ ಬೈಗುಳ ಆಗಲಿಲ್ಲ.

ಬ್ರೂಟಸ್‌ನ ಆ ಸಾಲಿಗೆ ನನಗೆ 'ಮಲಗೋ ಭಡವ' ಇಷ್ಟವಾಗಿತ್ತು. ಭಡವ ಬೈಗುಳವೂ ಹೌದು, ಅಜ್ಜಿಯ ಬಾಯಲ್ಲಿ ಮುದ್ದೂ ಹೌದು, ಅಲ್ವಾ? ತಿದ್ದುವವರು ಒಪ್ಪಲಿಲ್ಲ, ರೋಮಿನಲ್ಲಿ ಭಡವ ಜಾಸ್ತಿಯಾಯಿತು ಅಂದರು. ಕೊನೆಗೆ 'ಮಲಗು ಮರಿ' ಅಂತ ಹೋಯಿತು. ಈಗಲೂ ನನಗೆ ಸಮಾಧಾನವಿಲ್ಲ. ಲಾಕ್ ಅಂತೂ ತೆಗೆದೆ. ಹಳೆಯ ಬೈಗುಳ ಬಂದರೆ ಅರ್ಥದ ಕಾಲಂ ಖಾಲಿ ಬಿಟ್ಟು, ಯಾರು ಯಾರಿಗೆ ಹೇಳಿದ್ದು ಎಂದಷ್ಟೇ ಬರೆದಿಡುತ್ತೇನೆ.

ಆ ಭಾನುವಾರ ಮನೆಯಲ್ಲಿ ರಮ್ಮಿ. ಅಪ್ಪ ಇಸ್ಪೀಟ್ ಗುಲಾಮ ಎಸೆದರು. ಆ ಎಲೆಗೆ ಇಂಗ್ಲಿಷ್‌ನಲ್ಲಿ ಹಳೆಯ ಹೆಸರು ನೇವ್. ಮೂಲೆಯಲ್ಲಿ ಅಕ್ಷರ ಅಚ್ಚು ಹಾಕಲು ಶುರುವಾದಾಗ ರಾಜನ 'ಕೆ' ಜೊತೆ ಗೊಂದಲವಾಗುತ್ತದೆಂದು ಜಾಕ್ ಗಟ್ಟಿಯಾಯಿತು. ನಮ್ಮ ಗುಲಾಮ ಬಂದದ್ದು ಅರಬ್ಬಿಯಿಂದ. ಅಲ್ಲಿ ಅದರ ಮೊದಲ ಅರ್ಥವೂ ಹುಡುಗ! ಅಲ್ಲೂ ಹುಡುಗನೇ ಆಳಾಗಿದ್ದಾನೆ. ಇದನ್ನೆಲ್ಲ ನಾನು ಅಪ್ಪನಿಗೆ ವಿವರಿಸಿ ಮುಗಿಸುವಷ್ಟರಲ್ಲಿ ಅವರು ಶೋ ಹೊಡೆದಿದ್ದರು. ನನಗೆ ಫುಲ್ ಕೌಂಟ್.